ಓದಲೊಲ್ಲದ ಯಂತ್ರ

ಈ ಸ್ಮರಣ ಸಂಚಿಕೆಗಾಗಿ ನಾನೂ ಏನಾದರೊಂದು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಸಹೋದರಿಯರು ಒತ್ತಾಯ ಮಾಡಿದರು. ಶಾಲೆಯ ವಾರ್ಷಿಕ ವರದಿಯು ಬೇರೆ ಪುಟಗಳಲ್ಲಿ ಅಚ್ಚಾಗಿರುವುದರಿಂದ ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡದ ಲೆಕ್ಕವನ್ನೂ ಇಲ್ಲಿ ಪುನಃ ಹೇಳುವ ಅವಶ್ಯವಿಲ್ಲ. ಆದುದರಿಂದ ನಮ್ಮ ಬೋರ್ಡಿಂಗಿನ ಆಟದ ಕೋಣೆಯಲ್ಲಿರುವ ಒಂದು ಹಳೆಯ ಯಂತ್ರವನ್ನು ಕುರಿತು, ಅದು ಕೆಟ್ಟ ಬಗೆಯನ್ನೂ ಅದನ್ನು ನಾವು ಪರೀಕ್ಷಿಸಿದ ಕ್ರಮವನ್ನೂ ಕುರಿತು, ನಾಲ್ಕು ಮಾತು ಬರೆಯುತ್ತೇನೆ. ವಿಷಯವು ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ಆದರೆ ಒಬ್ಬ ಹುಡುಗಿಯ ಮಾನವೂ ಒಬ್ಬ ತಂದೆಯ ದುಡಿಮೆಯ ಹಣವೂ ಅದಕ್ಕೆ ತಗಲಿಕೊಂಡಿದ್ದುವೆಂಬುದು ಮುಂದೆ ಓದಿದಂತೆ ತಿಳಿಯುವುದು.

ಯಂತ್ರದ ಹೆಸರು ಪ್ಲೇಸ್ಟೇಷನ್ ೨. ದೂರದರ್ಶನದ ಪೆಟ್ಟಿಗೆಗೆ ಜೋಡಿಸಿ ಆಡತಕ್ಕ ಆಟದ ಯಂತ್ರವಿದು. ಜಪಾನಿನ ಸೋನಿ ಸಂಸ್ಥೆಯವರು ಇದನ್ನು ೨೦೦೦ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ತಮ್ಮ ದೇಶದಲ್ಲಿ ಮೊದಲು ಮಾರಾಟಕ್ಕಿಟ್ಟರು. ೨೦೧೩ರ ಆರಂಭದಲ್ಲಿ ಇದರ ತಯಾರಿಕೆ ನಿಂತಿತೆಂಬ ಸುದ್ದಿ ಬಂದಿತು. ಈ ನಡುವೆ ೧೫ ಕೋಟಿಗೂ ಮೀರಿದ ಯಂತ್ರಗಳು ಲೋಕದಲ್ಲೆಲ್ಲ ಹರಡಿಕೊಂಡುವು. ನಮ್ಮಲ್ಲಿರುವುದು ೨೦೦೪ರಿಂದ ಹೊರಬಂದ ತೆಳ್ಳಗಿನ ಮಾದರಿಯದು; ಮೇಲಿನ ಮುಚ್ಚಳವನ್ನು ಎತ್ತಿ ಡಿಸ್ಕನ್ನು ಇಡಬೇಕು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ೨೦೦೮ರಲ್ಲಿ ಇದನ್ನು ಬೋರ್ಡಿಂಗಿಗೆ ಕಾಣಿಕೆಯಾಗಿ ಕೊಟ್ಟಳು. ಅಂದಿನಿಂದ ಶನಿವಾರ ಸಾಯಂಕಾಲ ಎರಡು ತಾಸು ಅದು ಹುಡುಗಿಯರ ಸ್ವತ್ತು. ನಮ್ಮ ಬೋರ್ಡಿಂಗಿನಲ್ಲಿ ಮೊಬೈಲು ಇಟ್ಟುಕೊಳ್ಳುವ ಅಪ್ಪಣೆಯಿಲ್ಲವಾದುದರಿಂದ, ಹತ್ತಾರು ಮಂದಿ ಒಟ್ಟಿಗೆ ಕುಳಿತು, ಸರದಿ ಕಾದು, ಗೆದ್ದವಳನ್ನು ಹೊಗಳಿ ಸೋತವಳನ್ನು ನಗಿಸುವ ಈ ಆಟಕ್ಕೆ ಹೊಸ ಯಂತ್ರಗಳು ಬಂದ ಮೇಲೂ ಬೆಲೆ ಕಡಿಮೆಯಾಗಲಿಲ್ಲ.

ಕಳೆದ ವರುಷದ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಮನೆಗೆ ಹೋಗಿ ಬರುವಾಗ ತನ್ನ ಅಣ್ಣನ ಕ್ರಿಕೆಟ್ ಆಟದ ಡಿಸ್ಕನ್ನು ತಂದಳು. ಶನಿವಾರ ಅದನ್ನು ಯಂತ್ರದಲ್ಲಿಟ್ಟರು. ಸ್ವಲ್ಪ ಹೊತ್ತು ಕಿರ್ರನೆ ಸದ್ದಾಯಿತು. ಅನಂತರ ಡಿಸ್ಕನ್ನು ಓದಲಾಗಲಿಲ್ಲವೆಂಬ ಸೂಚನೆ ತೆರೆಯ ಮೇಲೆ ಮೂಡಿತು. ಅದನ್ನು ತೆಗೆದು ದಿನವೂ ಆಡುವ ಡಿಸ್ಕುಗಳನ್ನು ಇಟ್ಟರೂ ಅದೇ ಸೂಚನೆ. ಹೊಸ ಡಿಸ್ಕಿನ ಅಡಿಯಲ್ಲಿ ಕಿರುಬೆರಳುದ್ದದ ಒಂದು ಗೀರು ಇದ್ದಿತು. ಇಷ್ಟು ಸಾಕಾಯಿತು. ಗೀರುಬಿದ್ದ ಡಿಸ್ಕು ಯಂತ್ರದ ಕಣ್ಣನ್ನು ಕೆಡಿಸಿತೆಂದು ಊಟದ ಪಂಕ್ತಿಯಲ್ಲಿ ತೀರ್ಪಾಯಿತು. ಹುಡುಗಿ ಆಟದ ಕೋಣೆಗೆ ಬರುವುದನ್ನು ಬಿಟ್ಟಳು. ಎರಡು ವಾರ ಸಂಜೆಯ ಹೊತ್ತು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಬ್ಬಳೇ ಕುಳಿತಿರುತ್ತಿದ್ದಳೆಂದು ಮೇಟ್ರನ್ನರು ನನಗೆ ತಿಳಿಸಿದರು.

ಮೂರನೆಯ ವಾರ ಆಕೆಯ ತಂದೆ ಬಂದರು. ಅವರು ಪೇಟೆಯಲ್ಲಿ ಹೊಲಿಗೆಯ ಅಂಗಡಿ ಇಟ್ಟುಕೊಂಡವರು. ಮಗಳು ಫೋನಿನಲ್ಲಿ ಅತ್ತು ಹೇಳಿದ್ದಳಂತೆ. ಅವರು ಮಡಿಚಿದ ಲಕೋಟೆಯೊಂದನ್ನು ಮೇಜಿನ ಮೇಲಿಟ್ಟು, “ಟೀಚರ್, ಮಗಳಿಂದ ಆದ ನಷ್ಟಕ್ಕೆ ಇದು. ಸಾಲದಿದ್ದರೆ ಬರುವ ತಿಂಗಳು ಉಳಿದದ್ದನ್ನು ತಂದುಕೊಡುತ್ತೇನೆ” ಎಂದರು. ನಾನು ಲಕೋಟೆಯನ್ನು ಅವರ ಕಡೆಗೇ ಸರಿಸಿ, “ನಷ್ಟ ಯಾರಿಂದ ಆಯಿತೆಂಬುದು ಇನ್ನೂ ಗೊತ್ತಾಗಲಿಲ್ಲ. ಗೊತ್ತಾಗದ ಸಾಲವನ್ನು ತೀರಿಸತಕ್ಕದ್ದಲ್ಲ. ನಿಮ್ಮ ಯಂತ್ರದಲ್ಲಿ ಹೊಲಿಗೆ ತಪ್ಪಿದರೆ ನೀವು ಏನು ಮಾಡುತ್ತೀರಿ?” ಎಂದು ಕೇಳಿದೆನು. ಅವರು ಸ್ವಲ್ಪ ಯೋಚಿಸಿ, “ಮೊದಲು ಸೂಜಿ ನೋಡುತ್ತೇನೆ, ಟೀಚರ್. ಆಮೇಲೆ ನೂಲು. ಬೇರೆ ಬಟ್ಟೆಯ ಮೇಲೆ ಹೊಲಿದು ನೋಡುತ್ತೇನೆ. ಕಡೆಗೆ ಯಂತ್ರ ಬಿಚ್ಚುವುದು” ಎಂದರು. “ಹಾಗಾದರೆ ನಾವೂ ಹಾಗೆಯೇ ಮಾಡೋಣ” ಎಂದೆನು. ಹಣವನ್ನು ಅವರು ಒಲ್ಲದ ಮನಸ್ಸಿನಿಂದ ತೆಗೆದುಕೊಂಡು ಹೋದರು.

ಮುಂದಿನ ಕೆಲಸವನ್ನು ನಾವು ವಿಜ್ಞಾನದ ಉಪಾಧ್ಯಾಯಿನಿಯ ಮೇಲ್ವಿಚಾರಣೆಯಲ್ಲಿ ಐದು ಮಂದಿ ಹುಡುಗಿಯರಿಗೆ ಒಪ್ಪಿಸಿದೆವು. ದೂರಿಗೆ ಗುರಿಯಾದವಳನ್ನೂ ಅವರಲ್ಲಿ ಸೇರಿಸಿದೆವು. ಒಂದು ನೋಟುಬುಕ್ಕಿನಲ್ಲಿ ನಾಲ್ಕು ಮನೆಗಳನ್ನು ಗೆರೆ ಹಾಕಿಸಿದೆನು: ಯಾವ ದಿನ, ಏನು ಮಾಡಿದೆವು, ಏನಾಗಬೇಕೆಂದು ಎಣಿಸಿದೆವು, ಏನಾಯಿತು. ನಿಯಮವು ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸತಕ್ಕದ್ದು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಗುಣವಾದರೂ ಯಾವುದರಿಂದ ಆಯಿತೆಂದು ತಿಳಿಯದು.

ಮೊದಲನೆಯ ಪ್ರಶ್ನೆ: ಗೀರುಬಿದ್ದ ಡಿಸ್ಕು ಯಂತ್ರವನ್ನು ಕೆಡಿಸಬಲ್ಲುದೇ? ಇದಕ್ಕೆ ಉತ್ತರವನ್ನು ಯಂತ್ರದ ಕೆಲಸದ ರೀತಿಯೇ ಹೇಳುತ್ತದೆ. ಹಳೆಯ ಗ್ರಾಮಫೋನಿನಲ್ಲಿ ಮುಳ್ಳು ತಟ್ಟೆಯ ಗೆರೆಯೊಳಗೆ ಇಳಿದು ಉಜ್ಜುತ್ತ ಹೋಗುತ್ತಿತ್ತು. ಇಲ್ಲಿ ಮುಳ್ಳಿಲ್ಲ. ಕೆಳಗಿನಿಂದ ಲೇಸರ್ ಬೆಳಕಿನ ಒಂದು ಸಣ್ಣ ಕಿರಣವು ಮಸೂರದ ಮೂಲಕ ಹಾದು, ಡಿಸ್ಕಿನ ಪಾರದರ್ಶಕ ಪ್ಲಾಸ್ಟಿಕ್ಕನ್ನು ದಾಟಿ, ಒಳಗಿನ ಹೊಳೆಯುವ ಪದರದ ಮೇಲೆ ಬಿದ್ದು ಹಿಂದಿರುಗುತ್ತದೆ. ಆ ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳು ಸಾಲಾಗಿವೆ. ಕುಳಿಯಿರುವಲ್ಲಿ ಒಂದು ಬಗೆಯಾಗಿಯೂ ಸಮವಾಗಿರುವಲ್ಲಿ ಇನ್ನೊಂದು ಬಗೆಯಾಗಿಯೂ ಬೆಳಕು ಮರಳುತ್ತದೆ. ಆ ವ್ಯತ್ಯಾಸವೇ ಅಕ್ಷರ. ಸಿಡಿಯಲ್ಲಿ ಈ ಸಾಲು ಒಳಗಿನಿಂದ ಹೊರಕ್ಕೆ ಚಕ್ಕುಲಿಯಂತೆ ಸುತ್ತಿಕೊಂಡು, ಸುತ್ತಿಗೂ ಸುತ್ತಿಗೂ ೧.೬ ಮೈಕ್ರೋಮೀಟರ್ ಮಾತ್ರ ಅಂತರವಿಟ್ಟು, ಒಟ್ಟು ೫ ಕಿಲೋಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಡಿವಿಡಿಯಲ್ಲಿ ಆ ಅಂತರವು ೦.೭೪ ಮೈಕ್ರೋಮೀಟರಿಗೆ ಇಳಿದಿದೆ. ಮಸೂರವು ಡಿಸ್ಕನ್ನು ಮುಟ್ಟುವುದೇ ಇಲ್ಲ. ಬಿರುಕುಬಿಟ್ಟ ಡಿಸ್ಕು ವೇಗವಾಗಿ ತಿರುಗುವಾಗ ಒಡೆದು ಅಪಾಯವಾಗಬಹುದು. ಅದು ಬೇರೆ ಮಾತು. ಬರಿಯ ಗೀರು ಮಾತ್ರ ಯಂತ್ರದ ಕಣ್ಣಿಗೆ ಯಾವ ಕೇಡನ್ನೂ ಮಾಡಲಾರದು. ಹರಿದ ಪುಸ್ತಕವನ್ನು ಓದಿದವನ ಕಣ್ಣು ಹರಿಯುವುದುಂಟೇ?

ಇಷ್ಟರಿಂದಲೇ ಹುಡುಗಿಯ ಮೇಲಿನ ಅರ್ಧ ದೂರು ಕಳೆಯಿತು. ಉಳಿದರ್ಧಕ್ಕಾಗಿ ಆಕೆಯ ಡಿಸ್ಕನ್ನೇ ಪರೀಕ್ಷಿಸಬೇಕಾಯಿತು. ನಮ್ಮ ಕಂಪ್ಯೂಟರು ಕೋಣೆಯಲ್ಲಿ ಡಿವಿಡಿ ಓದುವ ಹಳೆಯದೊಂದು ಕಂಪ್ಯೂಟರು ಇದೆ. ಅದರಲ್ಲಿ ಆಟವನ್ನು ಹಾಗೆಯೇ ಆಡಲು ಬಾರದಿದ್ದರೂ ಡಿಸ್ಕಿನೊಳಗಿನ ಕಡತಗಳ ಪಟ್ಟಿಯನ್ನು ನೋಡಬಹುದು, ಪ್ರತಿಮಾಡಿಕೊಳ್ಳಬಹುದು. ಎಲ್ಲ ಕಡತಗಳೂ ಮೊದಲಿನಿಂದ ಕೊನೆಯ ತನಕ ತಡೆಯಿಲ್ಲದೆ ಪ್ರತಿಯಾದರೆ ಡಿಸ್ಕಿನ ಬರಹವು ಕೆಟ್ಟಿಲ್ಲವೆಂದು ನಂಬಬಹುದು. ಹಾಗೆಯೇ ಆಯಿತು. ಪ್ರತಿಯಾಗುತ್ತಿದ್ದಷ್ಟು ಹೊತ್ತೂ ಆ ಹುಡುಗಿ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ನಿಂತಿದ್ದಳು. ಮುಗಿದ ಮೇಲೆ ಏನೂ ಆಡದೆ ನೋಟುಬುಕ್ಕಿನ ನಾಲ್ಕನೆಯ ಮನೆಯಲ್ಲಿ “ಡಿಸ್ಕು ಸರಿಯಿದೆ” ಎಂದು ದುಂಡಗೆ ಬರೆದಳು.

ಗೀರು ಇದ್ದರೂ ಡಿಸ್ಕು ಸರಿಯಿರುವುದು ಹೇಗೆಂದು ಇತರರು ಕೇಳಿದರು. ಮಳೆಯಲ್ಲಿ ನೆನೆದ ಕಾಗದದಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಅಳಿಸಿಹೋದರೂ ಮುಂದು ಹಿಂದಿನ ಅಕ್ಷರಗಳಿಂದ ಮಾತನ್ನು ತಿಳಿದುಕೊಳ್ಳುತ್ತೇವಷ್ಟೆ. ಡಿಸ್ಕಿನಲ್ಲಿಯೂ ಅಂತಹ ಏರ್ಪಾಡು ಉಂಟು. ಅಮೆರಿಕೆಯ ರೀಡ್ ಮತ್ತು ಸಾಲೊಮನ್ ಎಂಬ ಗಣಿತಜ್ಞರು ೧೯೬೦ರಲ್ಲಿ ಪ್ರಕಟಿಸಿದ ಸೂತ್ರದ ಪ್ರಕಾರ ಬರಹದೊಂದಿಗೆ ಕೆಲವು ಹೆಚ್ಚಿನ ಗುರುತುಗಳನ್ನು ಸೇರಿಸಿ, ನೆರೆಹೊರೆಯ ಅಕ್ಷರಗಳನ್ನು ದೂರದೂರ ಚೆದುರಿಸಿ ಇಡುತ್ತಾರೆ. ಸಿಡಿಯಲ್ಲಿ ಸಾಲಿನ ಉದ್ದಕ್ಕೂ ಸುಮಾರು ೨.೫ ಮಿಲಿಮೀಟರಿನಷ್ಟು ಬರಹ ಅಳಿದರೂ ಯಂತ್ರವು ಅದನ್ನು ಪೂರ್ಣವಾಗಿ ಮರಳಿ ಪಡೆಯಬಲ್ಲುದು. ಆದುದರಿಂದ ನಡುವಿನಿಂದ ಅಂಚಿನ ಕಡೆಗೆ ಹೋದ ಗೀರು ಪ್ರತಿ ಸುತ್ತಿನಲ್ಲಿ ಒಂದಿಷ್ಟನ್ನೇ ಕತ್ತರಿಸುವುದರಿಂದ ಬಾಧಕವು ಅಲ್ಪ. ಸುತ್ತಿನ ದಿಕ್ಕಿನಲ್ಲಿಯೇ ಬಿದ್ದ ಗೀರು ಒಂದೇ ಕಡೆ ಬಹಳ ಅಕ್ಷರಗಳನ್ನು ನುಂಗುತ್ತದೆ. ಡಿಸ್ಕನ್ನು ಒರೆಸುವಾಗ ಮೆತ್ತನೆಯ ಹತ್ತಿಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ದುಂಡಗೆ ಉಜ್ಜಬಾರದು ಎಂಬ ಮಾತಿಗೆ ಇದೇ ಕಾರಣ. ಇನ್ನೊಂದು ಎಚ್ಚರಿಕೆ: ಸಿಡಿಯ ಬರಹವಿರುವ ಪದರವು ಚಿತ್ರ ಅಚ್ಚುಮಾಡಿದ ಮೇಲ್ಮೈಯ ಕೆಳಗೇ ಇದೆ. ಜನರು ಅಡಿಯನ್ನು ಕಾಪಾಡಿ ಮೇಲ್ಮೈಯನ್ನು ಮೇಜಿಗೆ ಉಜ್ಜುತ್ತಾರೆ. ಕೇಡು ಬೇಗ ತಗಲುವುದು ಮೇಲಿನಿಂದಲೇ. ಬೆಳಕಿಗೆ ಹಿಡಿದಾಗ ಸೂಜಿಮೊನೆಯಂತಹ ತೂತುಗಳು ಕಂಡರೆ ಅಲ್ಲಿಯ ಬರಹ ಹೋಯಿತೆಂದೇ ತಿಳಿಯಬೇಕು.

ಡಿಸ್ಕು ನಿರ್ದೋಷಿಯೆಂದಾದ ಮೇಲೆ ಯಂತ್ರದ ಚರಿತ್ರೆಯನ್ನು ವಿಚಾರಿಸಿದೆವು. ವೈದ್ಯರು ರೋಗ ಯಾವಾಗ ಪ್ರಾರಂಭವಾಯಿತೆಂದು ಕೇಳುವುದಿಲ್ಲವೇ? ಹತ್ತನೆಯ ತರಗತಿಯವರನ್ನು ಕರೆದು ಸಿಟ್ಟಿಲ್ಲದೆ ಕೇಳಿದಾಗ ಅವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ನಿಜವನ್ನು ಹೇಳಿದರು. ಎರಡು ತಿಂಗಳಿಂದಲೇ ಯಂತ್ರವು ಮೊದಲ ಸಲಕ್ಕೆ ಓದುತ್ತಿರಲಿಲ್ಲವಂತೆ. ಮೂರು ನಾಲ್ಕು ಸಲ ಮುಚ್ಚಳ ತೆರೆದು ಮುಚ್ಚಿದರೆ ಓದುತ್ತಿತ್ತಂತೆ. ಆಟ ನಿಂತುಹೋದೀತೆಂಬ ಭಯದಿಂದ ಯಾರಿಗೂ ತಿಳಿಸಿರಲಿಲ್ಲ. ಹೊಸ ಡಿಸ್ಕು ಬಂದ ದಿನವೇ ಯಂತ್ರ ಪೂರ್ತಿ ಸೋತದ್ದು ಕಾಕತಾಳೀಯ. ನಾನು ಅವರಿಗೆ ಶಿಕ್ಷೆ ಕೊಡಲಿಲ್ಲ. ಆದರೆ ಅದೇ ಸಂಜೆ ಊಟದ ಪಂಕ್ತಿಯಲ್ಲಿ, ತೀರ್ಪು ಹುಟ್ಟಿದ ಜಾಗದಲ್ಲಿಯೇ, ಆ ಮಾತನ್ನು ಅವರೇ ಎದ್ದು ಹೇಳಬೇಕೆಂದೆನು. ಹೇಳಿದರು.

ಆಮೇಲೆ ಡಿಸ್ಕುಗಳನ್ನು ಜಾತಿಜಾತಿಯಾಗಿ ವಿಂಗಡಿಸಿದೆವು. ನಮ್ಮಲ್ಲಿ ಒಟ್ಟು ೧೧ ಇದ್ದುವು. ಅಡಿ ಬೆಳ್ಳಿಯಂತಿರುವ ಡಿವಿಡಿಗಳು ೭, ಅಡಿ ನೀಲಿಯಾಗಿರುವ ಸಿಡಿಗಳು ೩, ಹಿಂದಿನ ಪ್ಲೇಸ್ಟೇಷನ್ನಿನ ಕಪ್ಪು ಅಡಿಯ ಸಿಡಿ ೧. ಈ ವಿಂಗಡಣೆ ಬಹು ಮುಖ್ಯವಾದದ್ದು. ಕಾರಣವೇನೆಂದರೆ ಯಂತ್ರವು ಸಿಡಿಯನ್ನು ೭೮೦ ನ್ಯಾನೋಮೀಟರ್ ತರಂಗದ ಬೆಳಕಿನಿಂದಲೂ ಡಿವಿಡಿಯನ್ನು ೬೫೦ ನ್ಯಾನೋಮೀಟರಿನ ಕೆಂಪು ಬೆಳಕಿನಿಂದಲೂ ಓದುತ್ತದೆ. ಒಂದು ಜಾತಿ ಓದಿ ಇನ್ನೊಂದು ಜಾತಿ ಓದದಿದ್ದರೆ ಒಂದು ಬೆಳಕು ಮಂಕಾಗಿದೆಯೆಂದು ಊಹಿಸಬಹುದು. ಎರಡೂ ಓದದಿದ್ದರೆ ಎರಡಕ್ಕೂ ಸಮಾನವಾದ ಕಾರಣವನ್ನು, ಅಂದರೆ ಮಸೂರದ ಮೇಲಿನ ಧೂಳನ್ನೋ ಅದು ಚಲಿಸುವ ಹಳಿಯ ಜಡ್ಡನ್ನೋ, ಮೊದಲು ಹುಡುಕಬೇಕು. ನಮ್ಮಲ್ಲಿ ಬೆಳ್ಳಿಯವುಗಳಲ್ಲಿ ಎರಡು ಮಾತ್ರ, ಅದೂ ಹಲವು ಪ್ರಯತ್ನಗಳ ಮೇಲೆ, ಓದಿದುವು. ಉಳಿದುವು ಯಾವುವೂ ಇಲ್ಲ.

ಮಳೆಗಾಲದ ತೇವವೂ ಕಾರಣವಾಗಿರಬಹುದೆಂದು ಯಂತ್ರವನ್ನು ಒಣಗಿದ ಕೋಣೆಯಲ್ಲಿ ಒಂದು ಹಗಲು ಸುಮ್ಮನೆ ಇಟ್ಟು ನೋಡಿದೆವು. ತಣ್ಣನೆಯ ಕಡೆಯಿಂದ ಬೆಚ್ಚಗಿನ ಕಡೆಗೆ ತಂದಾಗ ಮಸೂರದ ಮೇಲೆ ಹನಿ ಕಟ್ಟಿ ಓದು ನಿಲ್ಲುವುದುಂಟು. ನಮ್ಮಲ್ಲಿ ಬದಲಾವಣೆ ಕಾಣಲಿಲ್ಲ.

ಆಗ ಮಸೂರಕ್ಕೆ ಕೈಹಾಕಿದೆವು. ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕಿತ್ತ ಮೇಲೆಯೇ ಮುಚ್ಚಳವನ್ನು ತೆರೆಯತಕ್ಕದ್ದು. ಸಿಡಿಯ ಬೆಳಕು ಕಣ್ಣಿಗೆ ಹೆಚ್ಚುಕಡಿಮೆ ಕಾಣಿಸುವುದೇ ಇಲ್ಲವಾದುದರಿಂದ ಅದು ಉರಿಯುತ್ತಿರುವಾಗ ಇಣಕಿ ನೋಡುವುದು ಕಣ್ಣಿಗೆ ಅಪಾಯಕರ. ತೆಳ್ಳಗಿನ ಮಾದರಿಯಲ್ಲಿ ಮುಚ್ಚಳದ ಕೆಳಗೇ ಮಸೂರವು ಕಾಣುವುದರಿಂದ ಯಂತ್ರವನ್ನು ಬಿಚ್ಚಬೇಕಾಗಿಲ್ಲ. ಹಳೆಯ ದಪ್ಪ ಮಾದರಿಯಲ್ಲಿ ತಿರುಪುಗಳನ್ನು ತೆಗೆಯಬೇಕು. ಅದನ್ನು ತಿಳಿದವರಿಗೇ ಬಿಡುವುದು ಲೇಸು. ಔಷಧದಂಗಡಿಯಲ್ಲಿ ಸಿಕ್ಕುವ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಕಿವಿಗೆ ಹಾಕುವ ಹತ್ತಿಕಡ್ಡಿಯ ತುದಿಯನ್ನು ಒದ್ದೆಮಾಡಿ, ತೊಟ್ಟಿಕ್ಕದಂತೆ ಹಿಂಡಿ, ಮಸೂರದ ಮೇಲೆ ಎಳೆಗೂಸಿನ ಕಣ್ಣೊರೆಸಿದಂತೆ ಸವರಬೇಕು. ಮಸೂರವು ಕೂದಲಿನಂತಹ ತಂತಿಗಳಲ್ಲಿ ತೂಗುತ್ತಿರುವುದರಿಂದ ಒತ್ತಿದರೆ ಕೆಟ್ಟಿತು. ಆರಲು ಹತ್ತು ನಿಮಿಷ ಬಿಟ್ಟು ಆಮೇಲೆ ಯಂತ್ರವನ್ನು ನಡೆಸಬೇಕು.

ಹತ್ತಿಕಡ್ಡಿಯ ತುದಿ ಬೂದುಬಣ್ಣವಾಗಿ ಬಂದಿತು. ಮೂಸಿದರೆ ಮುಖಕ್ಕೆ ಹಚ್ಚುವ ಪೌಡರಿನ ವಾಸನೆ! ಹುಡುಗಿಯರು ಅದೇ ಕೋಣೆಯ ಕನ್ನಡಿಯ ಮುಂದೆ ಸಿಂಗರಿಸಿಕೊಳ್ಳುತ್ತಿದ್ದರು. ಮುಚ್ಚಳವು ಎಷ್ಟೋ ಸಲ ತೆರೆದೇ ಇರುತ್ತಿತ್ತು. ಎಲ್ಲರೂ ನಕ್ಕರು, ಆ ಹುಡುಗಿಯೂ ನಕ್ಕಳು. ಬೆಳ್ಳಿಯ ಡಿಸ್ಕುಗಳಲ್ಲಿ ಆರು ಕೂಡಲೇ ಓದಿದುವು. ಆಕೆಯ ಅಣ್ಣನ ಕ್ರಿಕೆಟ್ ಆಟವೂ ಅವುಗಳಲ್ಲಿ ಸೇರಿತ್ತು. ಏಳನೆಯದು ಯಾರೋ ಬಂಧುಗಳು ಅಮೆರಿಕೆಯಿಂದ ತಂದದ್ದು. ಈ ಯಂತ್ರಗಳೂ ಡಿಸ್ಕುಗಳೂ ದೇಶಭಾಗಗಳ ಪ್ರಕಾರ ಬೇರೆಬೇರೆ ಗುರುತು ಹೊಂದಿರುವುದರಿಂದ ಒಂದು ಕಡೆಯ ಡಿಸ್ಕು ಇನ್ನೊಂದು ಕಡೆಯ ಯಂತ್ರದಲ್ಲಿ ನಡೆಯದು. ಅದು ಎಷ್ಟು ಒರೆಸಿದರೂ ಗುಣವಾಗತಕ್ಕ ದೋಷವಲ್ಲ.

ನೀಲಿಯವೂ ಕಪ್ಪೂ ಇನ್ನೂ ಓದಲಿಲ್ಲ. ಈ ಯಂತ್ರದ ಹಲವು ಮಾದರಿಗಳಲ್ಲಿ ‘ಡಯಾಗ್ನಾಸಿಸ್’ ಎಂಬ ಆಯ್ಕೆಯುಂಟು. ಅದನ್ನು ತೆರೆದಿಟ್ಟರೆ ಯಂತ್ರವು ತನ್ನ ಓದನ್ನು ತಾನೇ ಸರಿಹೊಂದಿಸಿಕೊಳ್ಳಲು ನೋಡುತ್ತದೆ. ಹಾಗೆ ಮಾಡಿದ ಮೇಲೆ ನೀಲಿಯವುಗಳಲ್ಲಿ ಒಂದು, ಬಹಳ ಹೊತ್ತು ತಡವರಿಸಿ, ಓದಿತು. ಸಿಡಿಯನ್ನು ಓದುವ ಬೆಳಕು ವಯಸ್ಸಿನಿಂದ ಕುಂದಿದೆಯೆಂಬ ನಮ್ಮ ಊಹೆಗೆ ಇದು ಅನುಕೂಲವಾಯಿತು. ಬೆಳಕಿನ ಬಲವನ್ನು ಹೆಚ್ಚಿಸುವ ಒಂದು ಸಣ್ಣ ತಿರುಪು ಒಳಗಿದೆ. ಅದನ್ನು ತಿರುಗಿಸಿಕೊಡುವೆನೆಂದು ಪೇಟೆಯ ಒಬ್ಬ ರಿಪೇರಿಗಾರರು ಹೇಳಿದರು. ಹಾಗೆ ಮಾಡಿದರೆ ಕೆಲವು ಕಾಲ ಓದೀತು. ಆದರೆ ಮುಪ್ಪಿನ ದೀಪದ ಬತ್ತಿಯನ್ನು ಏರಿಸಿದಂತೆ, ಉಳಿದ ಆಯುಷ್ಯ ಬೇಗ ಮುಗಿಯುವುದು. ಓದುತ್ತಿರುವ ಏಳನ್ನು ಪಣವಿಟ್ಟು ಓದದ ಮೂರನ್ನು ಗೆಲ್ಲುವುದು ಬೇಡವೆಂದು ಹುಡುಗಿಯರೇ ಕೈಯೆತ್ತಿ ತೀರ್ಮಾನಿಸಿದರು. ಆ ಡಿಸ್ಕುಗಳನ್ನು ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದೇವೆ. ಹುಡುಗಿಯರು ಇಷ್ಟು ವರುಷ ಗಳಿಸಿದ ಗೆಲುವುಗಳ ಲೆಕ್ಕವು ಮಾತ್ರ ಸುರಕ್ಷಿತವಾಗಿದೆ. ಅದು ಡಿಸ್ಕಿನ ಮೇಲಲ್ಲ, ೮ ಮೆಗಾಬೈಟಿನ ಒಂದು ಸಣ್ಣ ನೆನಪಿನ ಚೀಟಿಯಲ್ಲಿ ಬರೆದಿರುತ್ತದೆ.

ತಂದೆಗೆ ನಾನೇ ಫೋನುಮಾಡಿ ನಡೆದದ್ದನ್ನು ತಿಳಿಸಿದೆನು. ಅವರು ಕೆಲವು ಕ್ಷಣ ಮಾತಾಡಲಿಲ್ಲ. ಆಮೇಲೆ, “ಹಾಗಾದರೆ ಬಟ್ಟೆಯದು ತಪ್ಪಲ್ಲ, ಟೀಚರ್” ಎಂದರು. ಮುಂದಿನ ವಾರ ಮಗಳ ಕೈಯಲ್ಲಿ ಯಂತ್ರಕ್ಕೆ ಅಳತೆಯಾಗಿ ಹೊಲಿದ ಒಂದು ಹೊದಿಕೆಯನ್ನು ಕಳುಹಿಸಿಕೊಟ್ಟರು. ಅದಕ್ಕೆ ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಯಂತ್ರವು ಬಿಸಿಯಾಗಿರುವಾಗ ಅದನ್ನು ಹೊದಿಸಬಾರದೆಂದೂ ಆರಿದ ಮೇಲೆಯೇ ಹೊದಿಸಬೇಕೆಂದೂ ಹುಡುಗಿಯರು ಗೋಡೆಯ ಮೇಲೆ ಬರೆದು ಅಂಟಿಸಿದ್ದಾರೆ.

ಪಾಲಕರೇ, ಈ ವಿಷಯದಲ್ಲಿ ನನಗೆ ತೋರಿದ ಒಂದು ಮಾತನ್ನು ನಿಮಗೆ ಅರಿಕೆಮಾಡಿಕೊಳ್ಳುತ್ತೇನೆ. ತೆರೆಯ ಮೇಲೆ ಬರುವ ಸೂಚನೆಯು ಡಿಸ್ಕಿನ ಹೆಸರನ್ನೇ ಹೇಳುತ್ತದೆ. ಓದಿಸಿಕೊಳ್ಳುವುದರ ಮೇಲೆ ಓದುವುದು ದೂರು ಹೊರಿಸುತ್ತದೆ. ನಮ್ಮ ತರಬೇತಿ ಶಾಲೆಯಲ್ಲಿ, ಮಗು ಹಿಂದುಳಿದಿದೆಯೆಂದು ಬರೆಯುವುದಕ್ಕೆ ಮೊದಲು ಅದನ್ನು ಮುಂದಿನ ಬೆಂಚಿನಲ್ಲಿ ಕೂಡಿಸಿ ನೋಡು, ಅದರ ಕಣ್ಣನ್ನೂ ಕಿವಿಯನ್ನೂ ಪರೀಕ್ಷೆಮಾಡಿಸು, ಆಮೇಲೆ ನಿನ್ನ ಬೋಧನೆಯನ್ನೇ ಪರೀಕ್ಷಿಸು ಎಂದು ಕಲಿಸುತ್ತಿದ್ದರು. ಕರಿಹಲಗೆ ಕಾಣದ ಹುಡುಗಿಯರನ್ನು ದಡ್ಡಿಯರೆಂದು ಕರೆದ ಮನೆಗಳನ್ನು ನಾನು ಕಂಡಿದ್ದೇನೆ. ಕನ್ನಡಕ ಬಂದ ತಿಂಗಳಿನಲ್ಲಿ ಅವರ ಅಂಕಪಟ್ಟಿ ಬದಲಾದದ್ದನ್ನೂ ಕಂಡಿದ್ದೇನೆ. ಮನೆಯಲ್ಲಿ ಏನಾದರೂ ಕೆಟ್ಟಾಗ ಕೊನೆಯದಾಗಿ ಮುಟ್ಟಿದವಳೇ ಕೆಡಿಸಿದವಳೆಂದು ಹೇಳುವ ಮೊದಲು ಒಂದು ದಿನ ತಾಳಿ, ಬೇರೆ ಡಿಸ್ಕನ್ನು ಇಟ್ಟು ನೋಡಬೇಕು.

ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಬೇಡಿಕೆ. ನಿಮ್ಮ ಮನೆಗಳ ಅಟ್ಟದಲ್ಲಿ ಇಂತಹ ಯಂತ್ರವೋ ಡಿಸ್ಕುಗಳೋ ಬಿದ್ದಿದ್ದರೆ, ಕೆಟ್ಟಿವೆಯೆಂದು ಎಸೆಯಬೇಡಿರಿ. ಮುಚ್ಚಳ ತೆರೆಯದೆ, ಅಲುಗಾಡದಂತೆ ಬಟ್ಟೆಯಲ್ಲಿ ಸುತ್ತಿ ನಮಗೆ ಕಳುಹಿಸಿರಿ. ಪರೀಕ್ಷಿಸುವ ಐದು ಮಂದಿ ಇಲ್ಲಿ ಸಿದ್ಧರಿದ್ದಾರೆ. ನೋಟುಬುಕ್ಕಿನಲ್ಲಿ ಖಾಲಿ ಪುಟಗಳು ಇನ್ನೂ ಬಹಳ ಇವೆ. ನೋಟುಬುಕ್ಕು ಯಾರ ವಶದಲ್ಲಿದೆಯೆಂದು ನೀವು ಊಹಿಸಬಲ್ಲಿರಿ.